ಹನ್ನೊಂದು ಡಬ್ಬಿ, ಒಂದು ಕುಣಿತ

"ಇನ್ನು ಒಂದೇ ಒಂದು ವಾರ! ಈ ಮನೆಯ ಸಿನಿಮಾ, ಹಾಡು, ಫೋಟೊ ಎಲ್ಲಾ ಒಂದೇ ಕಡೆ ಇರುತ್ತೆ. ಟಿವಿ ಮುಂದೆ ಕೂತು ಗುಂಡಿ ಒತ್ತಿದರೆ ಸಾಕು, ಬೇಕಾದ್ದು ಬಂದು ನಿಲ್ಲುತ್ತೆ. ಮನೆಗೇ ಒಂದು ಸರ್ವರ್ ಕಟ್ತೀನಿ ನಾನು!"

ಊಟದ ಮೇಜನ್ನು ಚಮಚದಿಂದ ಬಡಿದು ಡಬ್ಬಿರಾಯರು ಹೀಗೆ ಭೀಷ್ಮಪ್ರತಿಜ್ಞೆ ಮಾಡಿದಾಗ ಅದಕ್ಕೆ ಸಾಕ್ಷಿಯಾಗಿ ಇದ್ದವರು ಅವರ ಹೆಂಡತಿ ಒಬ್ಬರೇ. ಆಕೆ ತಟ್ಟೆಯಿಂದ ತಲೆ ಎತ್ತದೆ, ಆಗಲಿ, ಮೊದಲು ಊಟ ಮಾಡಿ ಅಂದರು.

ಡಬ್ಬಿರಾಯ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವರದು ಬೀದಿಯ ಮೂಲೆಯ ಔಷಧಿ ಅಂಗಡಿ. ಅಲ್ಲಿ ಪ್ರತಿಯೊಂದು ಮಾತ್ರೆಗೂ ಒಂದು ಡಬ್ಬಿ, ಪ್ರತಿ ಡಬ್ಬಿಗೂ ಒಂದು ಚೀಟಿ, ಚೀಟಿಗಳನ್ನು ಇಡಲು ಮತ್ತೊಂದು ಡಬ್ಬಿ. ಗಿರಾಕಿಗಳು ಪ್ರೀತಿಯಿಂದ ಇಟ್ಟ ಹೆಸರು ಬೀದಿ ದಾಟಿ ಮನೆಯವರೆಗೂ ಬಂತು. ಮನೆಯಲ್ಲೂ ಅದೇ ಕಥೆ. ಕಾಲುಚೀಲ ಇಡುವ ಡಬ್ಬಿಗಳು ಎರಡು; ಒಂದರ ಮೇಲೆ 'ಎಡ', ಇನ್ನೊಂದರ ಮೇಲೆ 'ಬಲ'. ಕಾಲುಚೀಲಕ್ಕೆ ಎಡ ಬಲ ಇರುವುದಿಲ್ಲ ಎಂದು ಹೆಂಡತಿ ಮದುವೆಯಾದ ಹೊಸತರಲ್ಲಿ ಹೇಳಿ ನೋಡಿದ್ದರು. ಆಮೇಲೆ ಬಿಟ್ಟರು.

ರಾಯರಿಗೆ ಒಂದು ನೇಮವೂ ಇತ್ತು. ಪ್ರತಿ ಶನಿವಾರ ಅಂಗಡಿ ಅರ್ಧ ದಿನ ಮುಚ್ಚಿದ ಮೇಲೆ ಒಂದೊಂದೇ ಡಬ್ಬಿ ತೆಗೆದು ತಾರೀಖು ನೋಡುವುದು, ಹಳೆಯದನ್ನು ಕೆಂಪು ಚೀಟಿ ಅಂಟಿಸಿದ ಕಪಾಟಿಗೆ ಸೇರಿಸುವುದು. ಚೀಟಿಯ ಮೇಲೆ ಅಂಗೈಯಗಲದ ಅಕ್ಷರ: 'ಅವಧಿ ಮುಗಿದಿದೆ'. ಆ ಕಪಾಟನ್ನು ಮತ್ತೆ ತೆರೆಯುವುದು ತಿಂಗಳ ಕೊನೆಯ ದಿನ, ಎಲ್ಲವನ್ನೂ ಎಸೆಯುವುದಕ್ಕೆ ಮಾತ್ರ. ಮನೆಯ ಉಗ್ರಾಣದಲ್ಲೂ ಅಂಥದ್ದೇ ಒಂದು ಕಪಾಟು, ಅದೇ ಕೆಂಪು ಚೀಟಿ. ಕಿವಿ ಮುರಿದ ಕಪ್ಪು, ಒಂಟಿಯಾದ ಚಪ್ಪಲಿ, ಹೆಂಡತಿಯ ಹಳೆಯ ಲ್ಯಾಪ್‌ಟಾಪು, ಎಲ್ಲವೂ ಅಲ್ಲಿ ತಮ್ಮ ಕೊನೆಯ ದಿನ ಎಣಿಸುತ್ತಿದ್ದವು.

ಹೆಂಡತಿ ಲಿಫ್ಟ್ ಮೆಕ್ಯಾನಿಕ್. ಹದಿನಾಲ್ಕು ಮಹಡಿಯ ಕಟ್ಟಡದ ತುದಿಯಲ್ಲಿ, ಗ್ರೀಸು ಮೆತ್ತಿದ ಯಂತ್ರದ ಪಕ್ಕ ಕೂತು ಕಾಫಿ ಕುಡಿಯುವ ಧೈರ್ಯಸ್ಥೆ. ಸುತ್ತಲಿನ ನಾಲ್ಕು ಬೀದಿಗೂ ಅವರು 'ಲಿಫ್ಟಮ್ಮ'. ಮಾತು ಕಡಿಮೆ, ಕಿವಿಯ ಸಂದಿಯಲ್ಲಿ ಯಾವಾಗಲೂ ಒಂದು ಸ್ಕ್ರೂಡ್ರೈವರ್.

ಈ ಸರ್ವರಿನ ಹುಳವನ್ನು ರಾಯರ ತಲೆಗೆ ಬಿಟ್ಟವನು ಕಂಪ್ಯೂಟರ್ ರಿಪೇರಿಯವನು. ಕೆಮ್ಮಿನ ಔಷಧಿಗೆಂದು ಬಂದವನು ಕೆಮ್ಮಿನ ನಡುನಡುವೆ ವಿವರಿಸಿದ. ಮನೆಯ ಸಿನಿಮಾಗಳನ್ನೆಲ್ಲ ಒಂದು ಕಂಪ್ಯೂಟರಿನಲ್ಲಿ ಇಟ್ಟು ಟಿವಿಗೆ ಬಡಿಸುವ ತಂತ್ರಾಂಶವಿದೆ. ಅದನ್ನು ನೇರವಾಗಿ ಕಂಪ್ಯೂಟರಿಗೇ ಹಾಕಬಹುದು. ಇಲ್ಲವೇ ಕಂಟೇನರ್ ಎಂಬ ಮುಚ್ಚಿದ ಡಬ್ಬಿಯೊಳಗೆ ಕೂರಿಸಿ ಓಡಿಸಬಹುದು. ಡಬ್ಬಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ರಾಯರು ಔಷಧಿ ಕಟ್ಟುವುದನ್ನು ಬಿಟ್ಟು ಕುರ್ಚಿ ಎಳೆದುಕೊಂಡು ಕೂತರು. ಕಂಪ್ಯೂಟರಿನ ಒಳಗೂ ಡಬ್ಬಿ! ಇಷ್ಟು ವರ್ಷ ಇದನ್ನು ತನ್ನಿಂದ ಯಾರು ಬಚ್ಚಿಟ್ಟಿದ್ದರು ಎಂದು ಅವರಿಗೆ ಸಿಟ್ಟೇ ಬಂತು.

ಅಂದು ಸಂಜೆಯೇ ಅವರು ಹೆಂಡತಿಗೆ ಪಾಠ ಮಾಡಿದರು. ಲಿಫ್ಟಮ್ಮ ಪೂರ್ತಿ ಕೇಳಿ, ಒಂದೇ ಪ್ರಶ್ನೆ ಹಾಕಿದರು.

"ನೇರವಾಗಿ ಹಾಕಿದರೆ ಆಗಲ್ವೇನ್ರೀ? ನಡುವೆ ಡಬ್ಬಿ ಯಾಕೆ?"

"ನೇರವಾಗಿ ಹಾಕಿದ್ದು ಬೇರು ಬಿಡುತ್ತೆ ಕಣೇ! ಇಲ್ಲೊಂದು ಫೈಲು, ಅಲ್ಲೊಂದು ಫೈಲು, ಮನೆತುಂಬ ಹರಡಿಕೊಳ್ಳುತ್ತೆ. ನಾಳೆ ಬೇಡ ಅಂದರೆ ಕಿತ್ತು ಹಾಕೋಕಾಗಲ್ಲ. ಡಬ್ಬಿ ಹಾಗಲ್ಲ. ಬೇಡ ಅಂದರೆ ಎತ್ತಿ ಎಸೆ, ಹೊಸದು ತಂದಿಡು. ಮುಗೀತು."

"ಎಸೆಯೋದು ಅಷ್ಟು ಸುಲಭ ಅಂದ್ರೆ ನಂಗ್ಯಾಕೋ ಭಯ ಆಗುತ್ತೆ. ಲಿಫ್ಟು ಯಾವತ್ತೂ ಒಂದೇ ಹಗ್ಗಕ್ಕೆ ನೇತಾಡಲ್ಲ ರೀ. ಒಂದು ಹರಿದರೆ ಹಿಡಿಯೋಕೆ ಇನ್ನೊಂದು ಇರುತ್ತೆ. ನಿಮ್ಮ ಡಬ್ಬಿಗೆ ಎರಡನೇ ಹಗ್ಗ ಎಲ್ಲಿದೆ?"

ಲಿಫ್ಟಿನವರಿಗೆ ಎಲ್ಲ ಕಡೆಯೂ ಹಗ್ಗವೇ ಕಾಣುತ್ತದೆ ಎಂದು ರಾಯರು ನಕ್ಕುಬಿಟ್ಟರು.

ಕೆಲಸ ಶುರುವಾಯಿತು. ಒಂದು ಡಬ್ಬಿ ಸಾಕಾಗಿತ್ತು, ಆದರೆ ರಾಯರ ಕೈ ಸುಮ್ಮನಿದ್ದೀತೇ? ಸಿನಿಮಾಕ್ಕೆ ಒಂದು ಡಬ್ಬಿ, ಹಾಡಿಗೆ ಒಂದು, ಫೋಟೊಗೆ ಒಂದು, ಸಿನಿಮಾದ ಕೆಳಗೆ ಬರುವ ಅಕ್ಷರಗಳಿಗೆ ಒಂದು, ಪೋಸ್ಟರುಗಳನ್ನು ಹುಡುಕಿ ತರಲು ಒಂದು. ಇವೆಲ್ಲ ಬದುಕಿವೆಯೋ ಸತ್ತಿವೆಯೋ ನೋಡಲು ಒಂದು ಕಾವಲು ಡಬ್ಬಿ. ಕಾವಲಿನವನು ನಿದ್ದೆ ಹೋದರೆ ಎಬ್ಬಿಸಲು ಇನ್ನೊಂದು. ಹೀಗೇ ಬೆಳೆದು ಬೆಳೆದು ಕೊನೆಗೆ ಎಣಿಸಿದರೆ ಹನ್ನೊಂದು. ಮೂಗಿಗಿಂತ ಮೂಗುತಿ ಭಾರವಾಯಿತು. ಕಂಪ್ಯೂಟರಿನ ಫ್ಯಾನು ಹೆಲಿಕಾಪ್ಟರಿನ ಹಾಗೆ ಸದ್ದು ಮಾಡತೊಡಗಿತು. ಡಬ್ಬಿಗಳು ಒಂದರ ಮಾತು ಇನ್ನೊಂದು ಕೇಳುತ್ತಿರಲಿಲ್ಲ, ಥೇಟ್ ಕೂಡು ಕುಟುಂಬ. ಸಿನಿಮಾ ಬಂದರೆ ಧ್ವನಿ ಇಲ್ಲ, ಧ್ವನಿ ಬಂದರೆ ನಾಯಕಿಯ ತುಟಿಗೂ ಮಾತಿಗೂ ಒಂದು ಫರ್ಲಾಂಗು ದೂರ.

ಇದರ ಬಿಸಿ ತಟ್ಟಿದ್ದು ಅತ್ತೆಗೆ. ಅತ್ತೆ ಮಾವ ಇರುವುದು ಎರಡು ಬೀದಿ ಆಚೆ. ಅತ್ತೆ ದಿನಾ ಸಂಜೆ ಐದಕ್ಕೆ ಸರಿಯಾಗಿ ಮಗಳ ಮನೆಗೆ ಬಂದು ಒಂದು ಹಳೆಯ ಸಿನಿಮಾ ನೋಡಿ ಹೋಗುವವರು. ಮೊದಲ ವಾರ ಒಂದೂ ಸಿನಿಮಾ ಪೂರ್ತಿಯಾಗಲಿಲ್ಲ. ಕೊಲೆ ಆಗುವುದು ಕಂಡಿತು, ಕೊಲೆಗಾರ ಯಾರು ಅಂತ ಗೊತ್ತಾಗುವ ಮುಂಚೆ ಡಬ್ಬಿ ಮುಚ್ಚಿಕೊಂಡಿತು. ಅತ್ತೆ ಬೈಯಲಿಲ್ಲ. ಅಳಿಯಂದಿರು ಪಾಪ ಕಷ್ಟಪಡುತ್ತಿದ್ದಾರೆ ಎಂದು ಎದ್ದು ಹೋದರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ರಾಯರಿಗೆ.

ಆದರೆ ಎರಡನೇ ವಾರಕ್ಕೆ ಪವಾಡ! ಎಲ್ಲವೂ ಸರಿಹೋಯಿತು. ಸಿನಿಮಾ ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ಸಲೀಸಾಗಿ ಓಡತೊಡಗಿತು. ಟಿವಿಯ ಪರದೆಯ ಮೇಲಿದ್ದ ನೀಲಿ ಗುರುತು ಹಸಿರಾಗಿತ್ತು. ಹೊಸ ಆವೃತ್ತಿ ಬಂದಿರಬೇಕು ಎಂದುಕೊಂಡರು ರಾಯರು. ಒಂದು ಸಂಜೆ ಅತ್ತೆ ಕೊಲೆಗಾರನನ್ನು ಕಂಡೇ ಹಿಡಿದರು. ಅಳಿಯನ ತಲೆ ಸವರಿದರು. ಮರುದಿನದಿಂದ ಅಂಗಡಿಗೆ ಜ್ವರಕ್ಕೆ ಬಂದವರಿಗೂ ನೆಗಡಿಗೆ ಬಂದವರಿಗೂ ಡಬ್ಬಿಯ ಮಹಿಮೆ ಕೇಳುವ ಭಾಗ್ಯ. "ಹನ್ನೊಂದು ಡಬ್ಬಿ ಸ್ವಾಮಿ, ಒಂದು ಸೆಕೆಂಡೂ ನಿಲ್ಲಲ್ಲ" ಎಂದು ಅವರು ಹೇಳುವಾಗ ಎದೆ ಕೋಟಿನ ಗುಂಡಿಗೆ ಸವಾಲು ಹಾಕುತ್ತಿತ್ತು. ಲಿಫ್ಟಮ್ಮ ಕೇಳಿಸಿಕೊಂಡು ಸ್ಕ್ರೂಡ್ರೈವರ್ ಒರೆಸಿಕೊಂಡರು.

ಈಗ ಅಸಲು ಕಥೆಗೆ ಬರೋಣ. ಮಾವ ನಿವೃತ್ತ ಡ್ರಿಲ್ ಮೇಷ್ಟ್ರು. ಮನೆಯಲ್ಲೂ ಕೊರಳಲ್ಲಿ ಸೀಟಿ. ಅವರು ನಕ್ಕದ್ದನ್ನು ಕಂಡವರಿಲ್ಲ; ಅಳಿಯನ ಬೆನ್ನು ತಟ್ಟಿದ್ದಂತೂ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಇಲ್ಲ. ಅತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಒಮ್ಮೆ ಕೇಳಿದ್ದನ್ನು, ಕಂಡದ್ದನ್ನು ಮರೆಯುವ ಜಾಯಮಾನವೇ ಅವರದಲ್ಲ. ಈ ಇಬ್ಬರ ನಡುವೆ ಮೂವತ್ತೈದು ವರ್ಷದಿಂದ ಒಂದು ವ್ಯಾಜ್ಯ. ಮಗಳು ಮೊದಲ ಹೆಜ್ಜೆ ಇಟ್ಟ ದಿನ ಯಜಮಾನರು ಖುಷಿ ತಾಳಲಾರದೆ ಕುಣಿದರು ಎಂದು ಅತ್ತೆ. ನಾನು ಜನ್ಮದಲ್ಲಿ ಕುಣಿದವನಲ್ಲ, ನಿನಗೆ ಕನಸು ಬಿದ್ದಿರಬೇಕು ಎಂದು ಮಾವ. ಅತ್ತೆಯ ಮೂವರು ತಂಗಿಯರೂ ಭಾವನ ಮುಖ ನೋಡಿ, ಈ ಮನುಷ್ಯ ಕುಣಿಯುವುದುಂಟೇ ಎಂದು ಅಕ್ಕನನ್ನೇ ಗೇಲಿ ಮಾಡುತ್ತಿದ್ದರು.

ಸಾಕ್ಷಿ ಇತ್ತು. ಆವತ್ತು ಪಕ್ಕದ ಮನೆಯ ಫೋಟೊಗ್ರಾಫರನ ವಿಡಿಯೊ ಕ್ಯಾಮೆರಾ ಎರವಲು ತಂದು ಅತ್ತೆಯೇ ಚಿತ್ರ ತೆಗೆದಿದ್ದರು. ಕ್ಯಾಸೆಟ್ಟು ಪೆಟ್ಟಿಗೆಯಲ್ಲಿತ್ತು, ಹಾಕಿ ನೋಡಲು ಯಂತ್ರವಿರಲಿಲ್ಲ. ಮದುವೆಯಾಗಿ ನಲವತ್ತು ವರ್ಷ ತುಂಬುವ ಭಾನುವಾರ, ತಂಗಿಯರನ್ನೆಲ್ಲ ಕರೆದು, ಮಗಳ ಮನೆಯ ದೊಡ್ಡ ಟಿವಿಯಲ್ಲಿ ಅದನ್ನು ತೋರಿಸಿಯೇ ಬಿಡುವುದೆಂದು ಅತ್ತೆ ತೀರ್ಮಾನಿಸಿದರು. ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅಳಿಯನಿಗೆ ಒಪ್ಪಿಸಿದರು.

"ಅಳಿಯಂದ್ರೇ, ಇದೊಂದು ನಿಮ್ಮ ಜವಾಬ್ದಾರಿ."

ಭಾನುವಾರಕ್ಕೆ ನಾಲ್ಕು ದಿನವಿತ್ತು. ಬುಧವಾರ ಸಂಜೆ ರಾಯರು ಎಲ್ಲಿಂದಲೋ ಒಂದು ಹಳೆಯ ವಿಡಿಯೊ ಪ್ಲೇಯರು ತಂದು, ತಂತಿ ಜೋಡಿಸಿ, ಕ್ಯಾಸೆಟ್ಟಿನಲ್ಲಿದ್ದದ್ದನ್ನು ತಮ್ಮ ಲ್ಯಾಪ್‌ಟಾಪಿಗೆ ಇಳಿಸಿದರು. ಅತ್ತೆಯ ಅಪ್ಪಣೆಯಿತ್ತು: ಭಾನುವಾರಕ್ಕೆ ಮುಂಚೆ ಯಾರೂ ನೋಡಕೂಡದು. ಅದಕ್ಕೇ ಪರದೆಗೆ ಟವೆಲ್ ಹೊದಿಸಿದ್ದರು. ಕೊನೆಯ ಇಂಚು ಇಳಿದದ್ದೇ ತಡ, ಆ ಮುದಿ ಯಂತ್ರ ಗರಗರ ಅಂದು ಕ್ಯಾಸೆಟ್ಟಿನ ಪಟ್ಟಿಯನ್ನು ಅಗಿದು ನುಂಗಿಬಿಟ್ಟಿತು. ಎಳೆದು ತೆಗೆದರೆ ಸಿಕ್ಕಿದ್ದು ಸುಕ್ಕುಸುಕ್ಕಾದ ಒಂದು ಮುದ್ದೆ.

ಪರವಾಗಿಲ್ಲ, ಇಳಿಸಿಕೊಂಡದ್ದು ಇದೆಯಲ್ಲ ಎಂದು ರಾಯರು ಹಣೆಯ ಬೆವರು ಒರೆಸಿಕೊಂಡರು. ಲಿಫ್ಟಮ್ಮ ಆ ಮುದ್ದೆಯನ್ನು ನೋಡಿ, ಈಗ ಎಷ್ಟು ಹಗ್ಗ ಉಳೀತು ಎಂದು ಕೇಳಿದರು. ರಾಯರು ಟವೆಲ್ ಹೆಗಲಿಗೆ ಹಾಕಿಕೊಂಡರು. ಅಂಗಡಿಯ ಧೂಳು ತೊಳೆಯಲು ಸ್ನಾನಕ್ಕೆ ಹೊರಟರು. ನಿಮ್ಮ ಲ್ಯಾಪ್‌ಟಾಪ್ ಹತ್ತು ನಿಮಿಷ ಕೊಡಿ, ಲಿಫ್ಟಿನ ವರದಿ ಕಳಿಸಬೇಕು ಎಂದರು ಲಿಫ್ಟಮ್ಮ. ತಗೋ ಎಂದು ಕೊಟ್ಟರು.

ಸ್ನಾನ ಮುಗಿಸಿ ಬಂದವರು ಆ ವಿಡಿಯೊವನ್ನು ಸರ್ವರಿಗೆ ಸೇರಿಸಲು ಕೂತರು. ಇಲ್ಲಿ ಒಂದು ಮಾತು. ರಿಪೇರಿಯವನು ಮೊದಲ ದಿನವೇ ಎಚ್ಚರಿಸಿದ್ದ: ಉಳಿಯಬೇಕಾದ ಯಾವುದನ್ನೂ ಡಬ್ಬಿಯ ಒಳಗೆ ಇಡಬೇಡಿ, ಹೊರಗಿನ ಫೋಲ್ಡರಿನಲ್ಲಿ ಇಡಿ, ಡಬ್ಬಿಗೆ ಒಂದು ಕಿಟಕಿ ಮಾಡಿ ಅದನ್ನು ತೋರಿಸಿ. ಸಿನಿಮಾ, ಹಾಡು, ಫೋಟೊಗಳಿಗೆಲ್ಲ ರಾಯರು ಹಾಗೆಯೇ ಮಾಡಿದ್ದರು. ಆದರೆ ಇದು ಅತ್ತೆಯ ಮೂವತ್ತೈದು ವರ್ಷದ ಮಾನ! ಇದನ್ನು ಚಿಲ್ಲರೆ ಸಿನಿಮಾಗಳ ಜೊತೆ ಹೊರಗೆ ಬಿಸಾಡುವುದೇ? ಅಂಗಡಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಔಷಧಿಯನ್ನು ಎಲ್ಲಿಡುತ್ತೇವೆ? ಎಲ್ಲಕ್ಕಿಂತ ಒಳಗಿನ ಡಬ್ಬಿಯಲ್ಲಿ. ಇಪ್ಪತ್ತು ವರ್ಷದ ಕಸುಬು ಕೈ ಹಿಡಿದು ನಡೆಸಿತು. ವಿಡಿಯೊವನ್ನು ಡಬ್ಬಿಯೊಳಗೇ ಇಟ್ಟು ಮುಚ್ಚಳ ಮುಚ್ಚಿದರು. ಒಂದೇ ಮಾತ್ರೆ ಎರಡು ಕಡೆ ಇರಬಾರದು, ಎಡವಟ್ಟಾಗುತ್ತದೆ ಎನ್ನುವುದು ಅಂಗಡಿಯ ಇನ್ನೊಂದು ನಿಯಮ. ಹಾಗಾಗಿ ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಅಳಿಸಿಹಾಕಿದರು.

ಶನಿವಾರ ಬಂತು. ಮಧ್ಯಾಹ್ನ ಅಂಗಡಿಯ ತಾರೀಖು ನೋಡಿ ಮುಗಿಸಿ ಮನೆಗೆ ಬಂದ ರಾಯರು, ವಾರವಾರದ ನೇಮದಂತೆ ಕಂಪ್ಯೂಟರಿನ ಮುಂದೆ ಕೂತರು. ಹನ್ನೊಂದೂ ಹಳೆಯ ಡಬ್ಬಿಗಳನ್ನು ಕಿತ್ತೆಸೆದು ಹನ್ನೊಂದು ಹೊಚ್ಚ ಹೊಸ ಡಬ್ಬಿ ತಂದಿಟ್ಟರು. ಕಾವಲು ಡಬ್ಬಿ ಹನ್ನೊಂದು ದೀಪ ತೋರಿಸಿ ಎಲ್ಲವೂ ಕ್ಷೇಮ ಎಂದಿತು. ರಾಯರು ಕೈ ತೊಳೆದುಕೊಂಡು ಕಾಫಿ ಕುಡಿದರು. ಯಾವುದರಿಂದ ಕೈ ತೊಳೆದುಕೊಂಡೆ ಎಂದು ಅವರಿಗೆ ಆಗ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೇ ಲಿಫ್ಟಮ್ಮನಿಗೆ ಕರೆ ಬಂತು. ಯಾವುದೋ ಕಟ್ಟಡದ ಲಿಫ್ಟಿನಲ್ಲಿ ಮದುಮಗನೊಬ್ಬ ಆರು ಮತ್ತು ಏಳನೇ ಮಹಡಿಯ ನಡುವೆ ಸಿಕ್ಕಿಹಾಕಿಕೊಂಡಿದ್ದ. ಊಟದ ಹೊತ್ತಿಗೆ ಬರುತ್ತೇನೆ ಎಂದು ಅವರು ಹೊರಟರು. ಹತ್ತು ಗಂಟೆಗೆ ರಾಯರು, ಒಮ್ಮೆ ಎಲ್ಲ ಸರಿಯಿದೆಯೇ ನೋಡಿಬಿಡೋಣ ಎಂದು ಕಂಪ್ಯೂಟರಿನಲ್ಲೇ ಸರ್ವರ್ ತೆರೆದು ಅತ್ತೆಯ ವಿಡಿಯೊ ಹುಡುಕಿದರು. 'ಇಲ್ಲಿ ಏನೂ ಇಲ್ಲ' ಎಂದು ಬಂತು.

ಮುಚ್ಚಿ ತೆರೆದರು. ಏನೂ ಇಲ್ಲ. ಕನ್ನಡಕ ಒರೆಸಿ ನೋಡಿದರು. ಒರೆಸಿದ್ದರಿಂದ 'ಏನೂ ಇಲ್ಲ' ಎಂಬುದು ಇನ್ನಷ್ಟು ಸ್ಪಷ್ಟವಾಗಿ ಕಂಡಿತು. ರಿಪೇರಿಯವನಿಗೆ ಫೋನ್ ಮಾಡಿದರು.

"ಹೊರಗಿನ ಫೋಲ್ಡರಿಗೆ ಕಿಟಕಿ ಮಾಡಿದ್ರಲ್ಲಾ ಸಾರ್?"

"ಇದೊಂದನ್ನ ಒಳಗೇ ಇಟ್ಟಿದ್ದೆ."

"ಒಳಗಾ? ಆ ಡಬ್ಬಿ ಈಗ ಎಲ್ಲಿದೆ?"

"ನಿನ್ನೆ ಎಸೆದೆ."

ಆ ಕಡೆ ಏನೋ ಕೆಳಗಿಡುವ ಸದ್ದಾಯಿತು. ಆಮೇಲೆ ಅವನು ತಗ್ಗಿದ ದನಿಯಲ್ಲಿ, "ಡಬ್ಬಿ ಎಸೆದರೆ ಒಳಗಿದ್ದದ್ದೂ ಹೋಯ್ತು ಸಾರ್. ಅಂದ ಹಾಗೆ, ನನ್ನ ಕೆಮ್ಮು ವಾಸಿಯಾಯ್ತು" ಎಂದ. ಒಳ್ಳೆಯ ಸುದ್ದಿಯೊಂದಾದರೂ ಇರಲಿ ಅಂತ ಹೇಳಿದ್ದಿರಬೇಕು.

ರಾಯರು ಹೆಂಡತಿಗೆ ಏಳು ಸಲ ಫೋನ್ ಮಾಡಿದರು. ಲಿಫ್ಟು ಓಡಾಡುವ ಬಾವಿಯೊಳಗೆ ಸಿಗ್ನಲ್ ಎಲ್ಲಿಂದ ಬರಬೇಕು? ಲ್ಯಾಪ್‌ಟಾಪಿನ ಕಸದ ಬುಟ್ಟಿ ತೆರೆದು ನೋಡಿದರು. ಬೇರೆಯವರ ಬುಟ್ಟಿಯಲ್ಲಾದರೆ ಏನಾದರೂ ಉಳಿದಿರುತ್ತಿತ್ತು. ಇವರು ಶನಿವಾರ ಅದನ್ನೂ ಗುಡಿಸಿದ್ದರು. ಸುಕ್ಕಾದ ಪಟ್ಟಿಯ ಮುದ್ದೆಯನ್ನು ತಂದು, ಇಸ್ತ್ರಿ ಪೆಟ್ಟಿಗೆಯನ್ನು ಸಣ್ಣ ಉರಿಗೆ ಇಟ್ಟು ತೀಡಿ ನೋಡಿದರು. ಪ್ಲಾಸ್ಟಿಕ್ ಸುಟ್ಟ ವಾಸನೆ ಎದ್ದಿತು. ಗಾಯದ ಮೇಲೆ ಬರೆ ಅಂದರೆ ಇದೇ.

ಒಂದು ಗಂಟೆಗೆ ಮಾವ, ಅತ್ತೆ, ಮೂವರು ತಂಗಿಯರು ಬಂದರು. ಅತ್ತೆ ಹೊಸ ಉಡುಪು ತೊಟ್ಟಿದ್ದರು, ಕನ್ನಡಕಕ್ಕೂ ಹೊಸ ಸರಪಳಿ. ತಂಗಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಸಾಕ್ಷಿದಾರರಿಗೆ ಚೆನ್ನಾಗಿ ಕಾಣಬೇಕಲ್ಲ! ಮಾವ ಹಿಂದಿನ ಕುರ್ಚಿಯಲ್ಲಿ ಕೂತರು. ಸೀಟಿಯ ದಾರವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು.

ಊಟ ಆಯಿತು. ಏನು ತಿಂದೆ ಎಂದು ಕೇಳಿದ್ದರೆ ರಾಯರು ಹೇಳಲಾರದೇ ಹೋಗುತ್ತಿದ್ದರು. "ಹಾಕಿ ಅಳಿಯಂದ್ರೇ" ಎಂದರು ಅತ್ತೆ. ರಾಯರು ಟಿವಿಯ ಮುಂದೆ ನಿಂತರು. ಸುಳ್ಳು ಹೇಳಬಹುದಿತ್ತು. ಕರೆಂಟು, ಟಿವಿ, ತಂತಿ, ಯಾರ ಮೇಲೆ ಬೇಕಾದರೂ ಹಾಕಬಹುದಿತ್ತು. ಅತ್ತೆಯ ಮುಖ ನೋಡಿದ ಮೇಲೆ ನಾಲಿಗೆ ಏಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು: ಕ್ಯಾಸೆಟ್ಟು ಯಂತ್ರದ ಬಾಯಿಗೆ ಹೋಯಿತು, ಉಳಿದದ್ದನ್ನು ನಾನೇ ಡಬ್ಬಿಯಲ್ಲಿಟ್ಟೆ, ನಾನೇ ಡಬ್ಬಿ ಎಸೆದೆ.

ಹಿಂದಿನ ಕುರ್ಚಿಯಿಂದ ಮಾವನ ದನಿ ಬಂತು. ಆ ದನಿಯಲ್ಲಿ ರಾಯರು ಹಿಂದೆಂದೂ ಕೇಳದ ಒಂದು ಮೃದುತ್ವವಿತ್ತು.

"ಹೋಗಲಿ ಬಿಡಿ. ಪಾಪ, ಅಳಿಯಂದಿರ ತಪ್ಪೇನಿದೆ? ಯಂತ್ರ ಅಂದ ಮೇಲೆ ಇವೆಲ್ಲ ಇದ್ದದ್ದೇ. ಬಹಳ ಒಳ್ಳೆಯ ಹುಡುಗ."

ಹನ್ನೆರಡು ವರ್ಷದಲ್ಲಿ ಮೊದಲ ಬಾರಿ ಸಿಕ್ಕಿದ ಹೊಗಳಿಕೆ! ಮಾವನಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿತ್ತು. ರಾಯರಿಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಿರಿಯವರು, ಕ್ಯಾಸೆಟ್ಟಿನಲ್ಲಿ ಏನಾದರೂ ಇತ್ತೋ ಇಲ್ಲವೋ ಎಂದು ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿಸಿತು.

ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಗೆಲ್ಲೋದು ಸೋಲೋದು ಬಿಡಿ. ಆವತ್ತು ಇವರು ಎಷ್ಟು ಖುಷಿಯಾಗಿದ್ರು ಅಂತ ಇನ್ನೊಂದು ಸಲ ನೋಡ್ಬೇಕಿತ್ತು ನಂಗೆ. ಅಷ್ಟೇ."

ಮಾವ ದಾರ ಸುತ್ತುವುದನ್ನು ನಿಲ್ಲಿಸಿದರು. ರಾಯರ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಈ ಹೆಂಗಸು ಕೊಲೆಗಾರ ಸಿಗದ ದಿನವೂ ತನ್ನನ್ನು ಬೈದವರಲ್ಲ. ಕೇಳಿದ್ದು ಒಂದೇ ಒಂದು ಕೆಲಸ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡ ಲಿಫ್ಟಮ್ಮ ಒಳಗೆ ಬಂದರು. ಮದುಮಗ ಕೆಳಗಿಳಿದ, ಮದುವೆ ಆಯಿತಂತೆ ಎನ್ನುತ್ತ ಬಂದವರು ಎಲ್ಲರ ಮುಖ ನೋಡಿ ನಿಂತರು. ರಾಯರು ಎರಡನೇ ಸಲ ತಪ್ಪೊಪ್ಪಿಗೆ ಮಾಡಿದರು. ಲಿಫ್ಟಮ್ಮ ಮೊದಲ ದಿನದ ಹಾಗೆಯೇ ಪೂರ್ತಿ ಕೇಳಿದರು. ಆಮೇಲೆ ಹಳೆಯ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು, ರಿಮೋಟ್ ತೆಗೆದುಕೊಂಡು, ಪರದೆಯ ಹಸಿರು ಗುರುತನ್ನು ಒತ್ತಿದರು.

ಟಿವಿಯಲ್ಲಿ ಒಂದು ಕೋಣೆ ಮೂಡಿತು. ಅತ್ತೆ ಕನ್ನಡಕ ಏರಿಸಿದರು. ಕುರ್ಚಿಯ ಕಾಲು ಹಿಡಿದು ನಿಂತ ಒಂದು ವರ್ಷದ ಗುಂಡು ಮಗು. ಮಗು ಕುರ್ಚಿ ಬಿಟ್ಟಿತು. ಒಂದು ಹೆಜ್ಜೆ, ಎರಡು, ಮೂರು, ನಾಲ್ಕು, ದೊಪ್ಪನೆ ಕೂತಿತು. ಆಗ ಎಡಗಡೆಯಿಂದ ಪ್ರವೇಶವಾಯಿತು ನೋಡಿ! ಕೊರಳಲ್ಲಿ ಸೀಟಿ, ಸೊಂಟಕ್ಕೆ ಟವೆಲ್, ಒಂದು ಕೈಯಲ್ಲಿ ಪಾತ್ರೆಯ ಮುಚ್ಚಳ, ಇನ್ನೊಂದರಲ್ಲಿ ಸೌಟು. ದಟ್ಟ ಕಪ್ಪು ಮೀಸೆಯ ಡ್ರಿಲ್ ಮೇಷ್ಟ್ರು ಮುಚ್ಚಳ ಬಡಿಯುತ್ತ, ಸೀಟಿ ಊದುತ್ತ, ಸೊಂಟವನ್ನು ಎಂಟು ದಿಕ್ಕಿಗೂ ತಿರುಗಿಸುತ್ತ ಮಗುವಿನ ಸುತ್ತ ಕುಣಿದರು. ಮಗುವನ್ನು ಹೆಗಲಿಗೇರಿಸಿಕೊಂಡು ಕುಣಿದರು. ಕ್ಯಾಮೆರಾ ಹಿಡಿದವರು ನಕ್ಕೂ ನಕ್ಕೂ ಚಿತ್ರವೇ ಅಲ್ಲಾಡುತ್ತಿತ್ತು. ಆ ನಗು ಅತ್ತೆಯದು, ಮೂವತ್ತೈದು ವರ್ಷ ಚಿಕ್ಕ ನಗು.

ತಂಗಿಯರು ಹಿಂದೆ ತಿರುಗಿ ಭಾವನನ್ನು ನೋಡಿದರು. ಮಾವ ಬೆನ್ನು ನೆಟ್ಟಗೆ ಮಾಡಿದರು.

"ಅದು ವ್ಯಾಯಾಮ."

"ಯಾವ ಸ್ಕೂಲಲ್ಲಿ ಹೇಳಿಕೊಟ್ರಿ ಈ ವ್ಯಾಯಾಮನ?" ಎಂದರು ಅತ್ತೆ.

ಮನೆ ಹಾರಿಹೋಗುವಂತೆ ನಗು ಎದ್ದಿತು. ಎರಡನೇ ಸಲ ಹಾಕಿದರು, ಮೂರನೇ ಸಲ ಹಾಕಿದರು. ನಾಲ್ಕನೇ ಸಲಕ್ಕೆ ಮಾವನ ಬಲಗಾಲು ತಾನಾಗಿ ನೆಲ ಬಡಿಯುತ್ತಿತ್ತು. ಅತ್ತೆ ಅದನ್ನು ನೋಡಿದರು. ಕನ್ನಡಕದ ಅಡಿಯಿಂದ ಕಣ್ಣೊರೆಸಿಕೊಂಡರು.

ರಾಯರು ಹೆಂಡತಿಯನ್ನು ಪಕ್ಕಕ್ಕೆ ಎಳೆದು, ಇದು ಎಲ್ಲಿಂದ ಬಂತು ಎಂದು ಕೇಳಿದರು. ಲಿಫ್ಟಮ್ಮ ಅವರನ್ನು ಉಗ್ರಾಣಕ್ಕೆ ಕರೆದೊಯ್ದು ಕೆಂಪು ಚೀಟಿಯ ಕಪಾಟು ತೆರೆದರು. ಕಿವಿ ಮುರಿದ ಕಪ್ಪಿಗೂ ಒಂಟಿ ಚಪ್ಪಲಿಗೂ ನಡುವೆ ಮೂಲೆ ಸೀಳಿದ ಹಳೆಯ ಲ್ಯಾಪ್‌ಟಾಪು ಗುಯ್ಗುಟ್ಟುತ್ತ ಕೂತಿತ್ತು. ಹಿಂದಿನ ತೂತಿನಿಂದ ಒಂದು ತಂತಿ ಗೋಡೆಗುಂಟ ಹೋಗಿತ್ತು.

ಅಮ್ಮ ಕೊಲೆಗಾರನ್ನ ನೋಡದೆ ಎದ್ದು ಹೋದರಲ್ಲ, ಮಾರನೇ ದಿನವೇ ಆ ತಂತ್ರಾಂಶವನ್ನ ನೇರವಾಗಿ ಇದಕ್ಕೇ ಹಾಕಿದೆ, ಕಾಲು ಗಂಟೆ ಹಿಡೀತು ಎಂದರು ಲಿಫ್ಟಮ್ಮ. ಸಿನಿಮಾಗಳಿಗೆ ಒಂದೊಂದು ಪ್ರತಿ. ಬುಧವಾರ ರಾಯರು ಸ್ನಾನಕ್ಕೆ ಹೋದಾಗ ಅಪ್ಪನ ವಿಡಿಯೊಗೂ ಒಂದು ಪ್ರತಿ. ಟಿವಿಯ ಹಸಿರು ಗುರುತು ಇದರದ್ದು. ರಾಯರಿಗೆ ಹೇಳಲಿಲ್ಲ ಯಾಕೆಂದರೆ, ಡಬ್ಬಿಗಳ ಮುಂದೆ ಕೂತಾಗ ಅವರು ಅಷ್ಟು ಸಂತೋಷವಾಗಿ ಕಾಣುತ್ತಿದ್ದರು.

"ಹಾಗಾದ್ರೆ ಇಷ್ಟು ದಿನ ನನ್ನ ಹನ್ನೊಂದು ಡಬ್ಬಿ? ಒಂದೂ ಕೆಡಲಿಲ್ಲವಲ್ಲೇ?"

"ಯಾರೂ ಹತ್ತದ ಲಿಫ್ಟು ಯಾವತ್ತೂ ಕೆಡಲ್ಲ ರೀ."

ರಾಯರಿಗೆ ಇನ್ನೊಂದು ವಿಷಯ ಹೊಳೆಯಿತು. ಮರುದಿನ ತಿಂಗಳ ಕೊನೆ. ಈ ಕಪಾಟಿನಲ್ಲಿದ್ದದ್ದನ್ನೆಲ್ಲ ಅವರೇ ಎಸೆಯುವವರಿದ್ದರು. ಅತ್ತೆ ಒಂದು ದಿನ ತಡವಾಗಿ ಮದುವೆಯಾಗಿದ್ದರೆ ಗತಿ? ಅವರು ಕಪಾಟಿಗೆ ಒಂದು ನಮಸ್ಕಾರ ಹಾಕಿದರು. ಲ್ಯಾಪ್‌ಟಾಪು ನೋಡಬೇಕು ಎಂದು ಹಿಂದೆಯೇ ಬಂದಿದ್ದ ಮಾವ, ಎಲ್ಲರೂ ಹೋದ ಮೇಲೂ ಉಗ್ರಾಣದಲ್ಲಿ ಸ್ವಲ್ಪ ಹೊತ್ತು ನಿಂತಿದ್ದರು.

ಸೋಮವಾರ ಬೆಳಿಗ್ಗೆ ಉಗ್ರಾಣಕ್ಕೆ ಇಣುಕಿದ ರಾಯರಿಗೆ ಕಪಾಟಿನ ಕೆಂಪು ಚೀಟಿ ಕಾಣಲಿಲ್ಲ. ಬಿದ್ದುಹೋಗಿರಬೇಕು, ಬಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡು, ಬಿಳಿ ಕೋಟು ತೊಟ್ಟು ಅಂಗಡಿಗೆ ಹೊರಟರು. ಗೇಟಿನ ಬಳಿ ಮಾವ ವಾಕಿಂಗ್ ನಿಲ್ಲಿಸಿ ಕಾಯುತ್ತಿದ್ದರು. ಹತ್ತಿರ ಬಂದು, ನಲವತ್ತು ವರ್ಷದಲ್ಲಿ ಅವಳು ನಿನ್ನೆಯಷ್ಟು ನಕ್ಕಿರಲಿಲ್ಲ ಎಂದರು. ಆಮೇಲೆ ಅಳಿಯನ ಬೆನ್ನನ್ನು ಒಂದಲ್ಲ, ಎರಡಲ್ಲ, ನಾಲ್ಕು ಸಲ ಚೆನ್ನಾಗಿ ಒತ್ತಿ ಒತ್ತಿ ತಟ್ಟಿದರು. ಹನ್ನೆರಡು ವರ್ಷದ ಬಯಕೆ! ರಾಯರು ಹೆಚ್ಚುಕಡಿಮೆ ತೇಲುತ್ತಲೇ ಅಂಗಡಿ ಸೇರಿದರು.

ಅಂದು ವ್ಯಾಪಾರ ಯಾಕೋ ವಿಚಿತ್ರವಾಗಿತ್ತು. ರಾಯರು ಮಾತ್ರೆ ತೆಗೆಯಲು ಹಿಂದೆ ತಿರುಗಿದಾಗಲೆಲ್ಲ ಗಿರಾಕಿಗಳು ಕಿಸಕ್ಕೆನ್ನುತ್ತಿದ್ದರು. ಅಜ್ಜಿಯೊಬ್ಬರು ಸಿರಪ್ಪಿನ ತಾರೀಖನ್ನು ಮೂರು ಸಲ ಓದಿಸಿಕೊಂಡರು. ಪಕ್ಕದ ಅಂಗಡಿಯ ದರ್ಜಿ, ಯಾಕೆ ಸಾರ್, ಇನ್ನೂ ಗಟ್ಟಿಮುಟ್ಟಾಗೇ ಇದ್ದೀರಲ್ಲ ಎಂದು ಕನಿಕರ ತೋರಿಸಿದ. ನಿನ್ನೆಯ ಸಂತೋಷ ಊರಿಗೆಲ್ಲ ಹರಡಿದೆ ಎಂದುಕೊಂಡು ರಾಯರು ಎಲ್ಲರಿಗೂ ನಗುನಗುತ್ತ ಔಷಧಿ ಕೊಟ್ಟರು.

ಸಂಜೆ ಮನೆಗೆ ಬಂದಾಗ ಬಾಗಿಲು ತೆರೆದ ಲಿಫ್ಟಮ್ಮ, ಸ್ವಲ್ಪ ತಿರುಗಿ ನಿಲ್ಲಿ ಎಂದರು. ಬೆನ್ನಿನಿಂದ ಪರ್ರನೆ ಏನನ್ನೋ ಕಿತ್ತು ಮುಂದೆ ಹಿಡಿದರು. ಅಂಗೈಯಗಲದ ಅಕ್ಷರದ ಕೆಂಪು ಚೀಟಿ. ಮೇಷ್ಟ್ರು ತಟ್ಟಿದ್ದಲ್ಲ, ಅಂಟಿಸಿದ್ದು! ಬೆಳಿಗ್ಗೆಯಿಂದ ಸಂಜೆಯವರೆಗೆ ರಾಯರು 'ಅವಧಿ ಮುಗಿದಿದೆ' ಎಂಬ ಚೀಟಿ ಹೊತ್ತೇ ಇಡೀ ಬೀದಿಗೆ 'ತಾಜಾ' ಔಷಧಿ ಮಾರಿದ್ದರು.

ರಾಯರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮುಖ ಸಪ್ಪಗಾಯಿತು.

"ಇವತ್ತು ತಿಂಗಳ ಕೊನೆ ಕಣೇ. ನನ್ನೂ ಎಸೆದುಬಿಡ್ತೀಯಾ?"

ಲಿಫ್ಟಮ್ಮ ಕಿವಿಯ ಸಂದಿಯ ಸ್ಕ್ರೂಡ್ರೈವರ್ ತೆಗೆದು ಮೇಜಿನ ಮೇಲಿಟ್ಟರು.

"ಎಸೆಯೋಕೆ ನೀವೇನು ಡಬ್ಬೀಲಿ ಬಂದೋರಾ? ನಿಮ್ಮನ್ನ ನೇರವಾಗೇ ಹಾಕ್ಕೊಂಡಿದ್ದು ನಾನು. ಹನ್ನೆರಡು ವರ್ಷದಲ್ಲಿ ಮನೆತುಂಬ ಬೇರು ಬಿಟ್ಟಿದೀರಿ. ಇನ್ನು ಕಿತ್ತು ಹಾಕೋಕಾಗಲ್ಲ. ಬನ್ನಿ, ಕಾಫಿ ಆರುತ್ತೆ."